ವೀಳ್ಯದ ಕಾಚಿನಿಂದ ವಿಜ್ಞಾನದ ಕ್ಯಾಟೆಚಿನ್‌ವರೆಗೆ

ಕನ್ನಡ ನಾಡಿನಿಂದ ಹೊರಗೆ ವಲಸೆ ಬಂದವರು ನಾವಷ್ಟೇ ಅಲ್ಲ. ನಮ್ಮ ನುಡಿಯ ಕೆಲವು ಪದಗಳೂ ನಮಗಿಂತ ಬಹಳ ಮೊದಲೇ ಗಂಟುಮೂಟೆ ಕಟ್ಟಿಕೊಂಡು ಹೊರಟಿವೆ. ಅಂಥ ಪದಗಳಲ್ಲಿ ‘ಕಾಚು’ ಒಂದು. ಎಲೆ ಅಡಿಕೆಯ ತಟ್ಟೆಯಲ್ಲಿ ಸುಣ್ಣದ ಕರಡಿಗೆಯ ಪಕ್ಕದಲ್ಲಿರುವ, ಕಂದುಗೆಂಪು ಬಣ್ಣದ, ನಾಲಗೆಗೆ ಒಗರಾದ ಪದಾರ್ಥ ಅದು. ಮುಂಬಯಿ, ಪುಣೆಗಳಲ್ಲಿ ನೆಲೆಸಿದವರು ಅದನ್ನು ‘ಕಾತ’ ಎಂದೂ ದೆಹಲಿಯಲ್ಲಿರುವವರು ‘ಕತ್ಥಾ’ ಎಂದೂ ಬಲ್ಲರು. ಈಗ ಔಷಧದ ಅಂಗಡಿಗಳಲ್ಲಿ ಹಸುರು ಚಹಾದ ಪೊಟ್ಟಣಗಳ ಮೇಲೆ, ಕ್ಯಾಪ್ಸೂಲ್ ಡಬ್ಬಿಗಳ ಮೇಲೆ ‘ಕ್ಯಾಟೆಚಿನ್’ ಎಂಬ ಹೆಸರೂ ಅದರ ಪಕ್ಕದಲ್ಲಿ ‘ಆಂಟಿಆಕ್ಸಿಡೆಂಟ್’ ಎಂಬ ಬಿರುದೂ ಅಚ್ಚಾಗಿರುತ್ತವೆ. ಆ ಹೆಸರಿನೊಳಗೆ ಅಡಗಿರುವುದು ನಮ್ಮ ಕಾಚೇ ಎಂಬುದು ಅದನ್ನು ಮಾರುವವರಿಗೂ ತಿಳಿದಿರಲಿಕ್ಕಿಲ್ಲ.

ಇದನ್ನು ಕೇಳಿ ನಾವು ಹಿಗ್ಗುವುದು ಸಹಜ. ಆದರೆ ಹಿಗ್ಗಿನ ಬೆನ್ನಿಗೇ ಒಂದು ಪ್ರಶ್ನೆಯೂ ಏಳುತ್ತದೆ. ಕ್ಯಾಟೆಚಿನ್ ದೇಹಕ್ಕೆ ಅಷ್ಟು ಹಿತವಾದರೆ, ಅದರ ತವರಾದ ಕಾಚನ್ನು ದಿನಕ್ಕೆ ಹತ್ತು ಸಲ ಬಾಯಿಗೆ ಹಾಕಿಕೊಳ್ಳುವ ನಮ್ಮ ಜನ ಎಲ್ಲರಿಗಿಂತ ಆರೋಗ್ಯವಂತರಾಗಿರಬೇಕಿತ್ತಲ್ಲ? ಹಾಗಾಗಿಲ್ಲ ಎಂಬುದನ್ನು ಯಾವ ಕ್ಯಾನ್ಸರ್ ಆಸ್ಪತ್ರೆಯ ವೈದ್ಯರಾದರೂ ಹೇಳಿಯಾರು. ಈ ಒಗಟನ್ನು ಬಿಡಿಸಬೇಕಾದರೆ ಕಾಚಿನ ಚರಿತ್ರೆಯನ್ನು ಮೊದಲಿನಿಂದ ನೋಡಬೇಕು.

ಮೊದಲು ಹೆಸರಿನ ವಿಚಾರ. ಯೂಲ್ ಮತ್ತು ಬರ್ನೆಲ್ ಎಂಬ ಇಬ್ಬರು ಆಂಗ್ಲ ವಿದ್ವಾಂಸರು 1886ರಲ್ಲಿ ‘ಹಾಬ್ಸನ್-ಜಾಬ್ಸನ್’ ಎಂಬ ನಿಘಂಟನ್ನು ಹೊರತಂದರು. ಭಾರತದಿಂದ ಇಂಗ್ಲಿಷಿಗೆ ಹೋದ ಪದಗಳ ಕೋಶ ಅದು. ವ್ಯಾಪಾರಿಗಳು ಬಳಸುತ್ತಿದ್ದ ‘ಕ್ಯಾಟೆಚು’, ‘ಕಚ್’ ಎಂಬ ಹೆಸರುಗಳು ದಕ್ಷಿಣದ ರೂಪಗಳಿಂದಲೇ ಬಂದವು ಎಂದು ಅಲ್ಲಿ ಅವರು ಹೇಳಿ, ಕನ್ನಡದ ‘ಕಾಚು’, ತಮಿಳಿನ ‘ಕಾಸು’, ಮಲಯ ಭಾಷೆಯ ‘ಕಚು’ ಇವುಗಳನ್ನು ಉದಾಹರಿಸಿದ್ದಾರೆ. ಉತ್ತರದ ‘ಕತ್ಥಾ’ ಎಂಬುದು ಸಂಸ್ಕೃತದ ‘ಕ್ವಾಥ’ದ ಬಳಗಕ್ಕೆ ಸೇರಿದ್ದು. ಕ್ವಾಥವೆಂದರೆ ಕಷಾಯ. ಕಾಚು ತಯಾರಾಗುವ ಬಗೆಯನ್ನು ನೋಡಿದರೆ ಆ ಹೆಸರೂ ಸರಿಯಾಗಿಯೇ ಇದೆ.

ಕಾಚು ಬರುವುದು ಕಗ್ಗಲಿ ಮರದಿಂದ. ಸಂಸ್ಕೃತದಲ್ಲಿ ಇದು ಖದಿರ. ಆಯುರ್ವೇದದ ಖದಿರಾರಿಷ್ಟದ ಹೆಸರನ್ನು ಕೇಳದವರು ಕಡಿಮೆ. ಮುಳ್ಳಿನ ಈ ಮರದ ನಡುವಿನ ಕೆಂಪು ಕೆಚ್ಚನ್ನು ಸಣ್ಣ ಚಕ್ಕೆಗಳಾಗಿ ಕೆತ್ತಿ, ಮಡಕೆಗಳಲ್ಲಿ ಗಂಟೆಗಟ್ಟಲೆ ಕುದಿಸಿ, ಸೋಸಿ, ಮತ್ತೆ ಬತ್ತಿಸಿ, ಆರಿಸಿದರೆ ಗಟ್ಟಿಯಾಗಿ ಉಳಿಯುವುದೇ ಕಾಚು. ಮುಂಬಯಿಗೆ ಸಮೀಪದ ರಾಯಗಡ, ಠಾಣೆಯ ಕಡೆಯ ಗುಡ್ಡಗಾಡುಗಳಲ್ಲಿರುವ ಕಾತಕರಿ ಜನಕ್ಕೆ ಆ ಹೆಸರು ಬಂದದ್ದೇ ಈ ಕಸುಬಿನಿಂದ. ಕಾಡಿನ ಹಕ್ಕು ಕೈತಪ್ಪಿ ಕಸುಬು ಹೋಯಿತು. ಜನಾಂಗಕ್ಕೆ ಹೆಸರು ಮಾತ್ರ ಉಳಿಯಿತು.

ಕಗ್ಗಲಿಯಿಂದ ಮಾತ್ರವಲ್ಲ, ಅಡಿಕೆಯಿಂದಲೂ ಇಂಥದೇ ಪದಾರ್ಥವನ್ನು ತೆಗೆಯುತ್ತಿದ್ದರು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಅಡಿಕೆ ಮರಕ್ಕೆ ‘ಅರೇಕ ಕ್ಯಾಟೆಚು’ ಎಂದು ನಾಮಕರಣ ಮಾಡಿದ. ಆ ಹೆಸರು ಇಂದಿಗೂ ನಡೆದಿದೆ. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಬೆಂಜಮಿನ್ ಹೈನ್ ಎಂಬಾತ 1814ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೈಸೂರು ಸೀಮೆಯ ಶಿರಾ ಸುತ್ತಮುತ್ತ ಅಡಿಕೆಯನ್ನು ಕಬ್ಬಿಣದ ಪಾತ್ರೆಯಲ್ಲಿ ಎರಡು ಬಾರಿ ಬೇಯಿಸಿ, ಆ ನೀರನ್ನು ಬತ್ತಿಸಿ ಎರಡು ದರ್ಜೆಯ ಕಾಚು ಮಾಡುತ್ತಿದ್ದುದನ್ನು ವರ್ಣಿಸಿದ್ದಾನೆ. ಮಲೆನಾಡಿನ ತೋಟದ ಮನೆಗಳಿಂದ ಬಂದ ನಮ್ಮ ಓದುಗರಿಗೆ ಇದರಲ್ಲಿ ಹೊಸತೇನೂ ಕಾಣದು. ಎಳೆ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸಕ್ಕೆ ಅವರು ‘ಚೊಗರು’ ಎನ್ನುತ್ತಾರೆ. ಅಡಿಕೆಗೆ ಬಣ್ಣ ಬರಲೆಂದು ಅದನ್ನೇ ಬಳಸುತ್ತಾರೆ. ಚೊಗರಿನಲ್ಲಿಯೂ ಕಾಚಿನಲ್ಲಿಯೂ ಇರುವ ಒಗರು ವಸ್ತುಗಳು ರಸಾಯನಶಾಸ್ತ್ರದ ದೃಷ್ಟಿಯಿಂದ ದಾಯಾದಿಗಳೇ.

ಈ ಸರಕು ಹಡಗು ಹತ್ತಿದ್ದು ಇಂದು ನಿನ್ನೆಯಲ್ಲ. 1516ರ ಸುಮಾರಿಗೆ ಬರೆದ ಪೋರ್ಚುಗೀಸ್ ಪ್ರವಾಸಿ ದುವಾರ್ತೆ ಬಾರ್ಬೋಸ, ಖಂಭಾತಿನಿಂದ ಮಲಕ್ಕಾಕ್ಕೆ ಹೋಗುವ ಸರಕುಗಳ ಪಟ್ಟಿಯಲ್ಲಿ ‘ಕಾಚೊ’ ಎಂಬುದನ್ನು ಹೆಸರಿಸಿದ್ದಾನೆ. ಗೋವೆಯಲ್ಲಿ ನೆಲೆಸಿದ್ದ ವೈದ್ಯ ಗಾರ್ಸಿಯ ದ ಓರ್ತ 1563ರಲ್ಲಿ ಅಲ್ಲಿಯೇ ಅಚ್ಚಾದ ತನ್ನ ಸಂವಾದರೂಪದ ಗ್ರಂಥದಲ್ಲಿ ಒಂದು ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟು, ಮರದ ಚಕ್ಕೆಗಳನ್ನು ಕುದಿಸುವ ಕ್ರಮವನ್ನು ತಿಳಿಸಿದ. ಆದರೂ ಯುರೋಪಿನ ಔಷಧ ವ್ಯಾಪಾರಿಗಳು ಅದನ್ನು ಸರಿಯಾಗಿ ಅರಿಯಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಅವರು ಅದನ್ನು ಒಂದು ಬಗೆಯ ಮಣ್ಣೆಂದೂ ಜಪಾನಿನಿಂದ ಬರುತ್ತದೆಂದೂ ನಂಬಿ, ‘ಜಪಾನಿನ ಮಣ್ಣು’ ಎಂಬರ್ಥದ ಲ್ಯಾಟಿನ್ ಹೆಸರಿನಿಂದ ಕರೆದರು. ಜೇಮ್ಸ್ ಕೆರ್ ಎಂಬ ವೈದ್ಯ ಭಾರತದಲ್ಲಿ ಮರವನ್ನೂ ತಯಾರಿಕೆಯನ್ನೂ ಕಣ್ಣಾರೆ ಕಂಡು ಬರೆದ ವರದಿ 1776ರಲ್ಲಿ ಪ್ರಕಟವಾದ ಮೇಲೆ, ಅದು ಮಣ್ಣಲ್ಲ, ಮರದ ಸಾರ ಎಂಬುದು ಅಲ್ಲಿನ ವಿದ್ವಾಂಸರಿಗೆ ಖಚಿತವಾಯಿತು.

ಇದಾದ ಮೇಲೆ ಕಾಚು ಪ್ರಯೋಗಶಾಲೆಯ ಹೊಸ್ತಿಲು ದಾಟಿತು. ಆಗ ಇಂಗ್ಲೆಂಡಿನಲ್ಲಿ ಚರ್ಮ ಹದ ಮಾಡಲು ಓಕ್ ಮರದ ತೊಗಟೆಯನ್ನು ಬಳಸುತ್ತಿದ್ದರು. ಅದಕ್ಕೆ ಬದಲಿ ಬೇಕಾಗಿತ್ತು. ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ನ ಪ್ರೇರಣೆಯಿಂದ ಹಂಫ್ರಿ ಡೇವಿ ಎಂಬ ಯುವ ರಸಾಯನವಿಜ್ಞಾನಿ ಮುಂಬಯಿಯಿಂದಲೂ ಬಂಗಾಳದಿಂದಲೂ ಬಂದ ಕಾಚನ್ನು ಪರೀಕ್ಷಿಸಿ 1803ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದ. ಮುಂಬಯಿಯ ಕಾಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಟ್ಯಾನಿನ್ ಎಂಬ ಒಗರು ಪದಾರ್ಥವೇ ಇತ್ತು. ಒಂದು ಪೌಂಡು ಕಾಚು ಸುಮಾರು ಎಂಟೂವರೆ ಪೌಂಡು ಓಕ್ ತೊಗಟೆಯ ಕೆಲಸ ಮಾಡಬಲ್ಲುದು ಎಂದು ಆತ ಲೆಕ್ಕ ಹಾಕಿದ. ಅಲ್ಲಿಂದ ಮುಂದೆ ಚರ್ಮಕ್ಕೆ, ಬಟ್ಟೆಯ ಬಣ್ಣಕ್ಕೆ, ಮೀನುಬಲೆ ಹಾಗೂ ಹಡಗಿನ ಹಾಯಿ ಕೊಳೆಯದಂತೆ ಕಾಪಾಡುವುದಕ್ಕೆ ಕಾಚು ಟನ್ನುಗಟ್ಟಲೆ ಹೊರದೇಶಗಳಿಗೆ ಹೋಯಿತು.

ಈ ಸಾರದಿಂದ ಶುದ್ಧ ವಸ್ತುವನ್ನು ಬೇರ್ಪಡಿಸಿದ ಕೀರ್ತಿ ಜರ್ಮನಿಯ ಫ್ರೀಡ್ಲೀಬ್ ಫರ್ಡಿನಾಂಡ್ ರುಂಗೆಯದು. 1821ರಲ್ಲಿ ಆತ ಕಾಚಿನಿಂದ ತೆಗೆದ ವಸ್ತುವಿಗೆ ಮುಂದೆ ‘ಕ್ಯಾಟೆಚಿನ್’ ಎಂಬ ಹೆಸರು ನಿಂತಿತು. ಕಾಫಿ ಬೀಜದಿಂದ ಕೆಫೀನನ್ನು 1819ರಲ್ಲಿ ಬೇರ್ಪಡಿಸಿದವನೂ, ಕಲ್ಲಿದ್ದಲಿನ ಡಾಂಬರಿನಲ್ಲಿ ಫೀನಾಲ್ ಎಂಬ ವಸ್ತುವನ್ನು 1834ರಲ್ಲಿ ಕಂಡುಕೊಂಡವನೂ ಇದೇ ರುಂಗೆ. ಕಾಚಿನ ಸಾರವೂ ಫೀನಾಲಿನ ಬಳಗಕ್ಕೇ ಸೇರಿದ್ದು ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. 1839ರಲ್ಲಿ ರೈನ್ಷ್ ಎಂಬಾತ ಕಾಚಿನ ಸಾರವನ್ನು ಕಾಯಿಸಿ ಭಟ್ಟಿ ಇಳಿಸಿದಾಗ ದೊರೆತ ಚಿಕ್ಕ ಅಣುವಿಗೆ ‘ಕ್ಯಾಟೆಕಾಲ್’ ಎಂದು ಹೆಸರಾಯಿತು. ಮುಂದೆ ನಮ್ಮ ದೇಹದಲ್ಲಿಯೇ ಹುಟ್ಟುವ ಅಡ್ರಿನಲಿನ್, ಡೋಪಮಿನ್ ಮುಂತಾದವುಗಳಲ್ಲಿ ಈ ಅಣುವಿನ ರಚನೆ ಕಂಡುಬಂದುದರಿಂದ ಅವನ್ನೆಲ್ಲ ಒಟ್ಟಾಗಿ ‘ಕ್ಯಾಟೆಕಾಲಮೀನ್’ಗಳು ಎಂದರು. ಮೇಲಧಿಕಾರಿಯ ಕರೆ ಬಂದಾಗ ನಮ್ಮ ಎದೆ ಡವಗುಟ್ಟುವಂತೆ ಮಾಡುವ ವಸ್ತುವಿನ ಕುಲನಾಮದಲ್ಲಿಯೂ ಕಾಚು ಇದೆ ಎಂದಾಯಿತು!

ಫೀನಾಲ್ ಎಂದರೇನು? ಆರು ಇಂಗಾಲದ ಪರಮಾಣುಗಳು ಕೈ ಕೈ ಹಿಡಿದು ಬಳೆಯಂತೆ ನಿಂತಿವೆ. ಆ ಬಳೆಗೆ ಆಮ್ಲಜನಕ-ಜಲಜನಕಗಳ ಜೋಡಿಯೊಂದು ಅಂಟಿಕೊಂಡಿದೆ. ಇಷ್ಟೇ. ಕಾಲೇಜಿನಲ್ಲಿ ವಿಜ್ಞಾನ ಓದಿದ ನಾವೆಲ್ಲರೂ ಫೆರಿಕ್ ಕ್ಲೋರೈಡಿನ ಎರಡು ಹನಿ ಹಾಕಿ, ನೇರಿಳೆಯೋ ಹಸುರೋ ಬಣ್ಣ ಬಂದರೆ ಫೀನಾಲ್ ಉಂಟೆಂದು ಬರೆದವರೇ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಹಿಂದಿನವರು ಶಾಯಿ ಮಾಡುತ್ತಿದ್ದುದೂ ಇದೇ ತತ್ವದ ಮೇಲೆ: ಸಸ್ಯದ ಫೀನಾಲ್ ಕಬ್ಬಿಣದೊಡನೆ ಕೂಡಿದರೆ ಕಪ್ಪು. ಇಂಥ ಬಳೆಗಳು ಒಂದಕ್ಕಿಂತ ಹೆಚ್ಚು ಸೇರಿದ ಅಣುಗಳು ಗಿಡಮರಗಳಲ್ಲಿ ಸಾವಿರಾರು ಇವೆ. ನೆಲ್ಲಿಕಾಯಿಯ ಒಗರು, ಚಹಾದ ಕಡುಪು, ಅರಿಸಿನದ ಹಳದಿ, ನೇರಳೆ ಹಣ್ಣಿನ ಬಣ್ಣ ಎಲ್ಲವೂ ಇವುಗಳ ಪ್ರತಾಪವೇ. ಗಿಡ ಇವನ್ನು ತಯಾರಿಸುವುದು ನಮ್ಮ ಆರೋಗ್ಯಕ್ಕಾಗಿಯಲ್ಲ. ಹುಳು, ಬೂಷ್ಟು, ಬಿಸಿಲಿನ ತಾಪಗಳಿಂದ ತನ್ನನ್ನು ಕಾಪಾಡಿಕೊಳ್ಳಲು.

ಈ ಫೀನಾಲ್‌ಗಳಿಗೂ ಆಮ್ಲಜನಕಕ್ಕೂ ಇರುವ ನಂಟನ್ನು ನಮ್ಮ ಅಡುಗೆಮನೆಯ ಹೆಂಗಸರು ಚೆನ್ನಾಗಿ ಬಲ್ಲರು. ಬದನೆಕಾಯಿಯನ್ನು ಕೊಯ್ದೊಡನೆ ನೀರಿಗೆ ಹಾಕುತ್ತಾರೆ. ಬಾಳೆದಿಂಡನ್ನು ಹೆಚ್ಚಿ ಮಜ್ಜಿಗೆ ನೀರಿನಲ್ಲಿ ಮುಳುಗಿಸುತ್ತಾರೆ. ಹಾಗೆ ಮಾಡದಿದ್ದರೆ ಹೋಳಿನೊಳಗಿನ ಫೀನಾಲ್‌ಗಳು ಗಾಳಿಯ ಆಮ್ಲಜನಕದೊಡನೆ ಕೂಡಿ ಕಂದಾಗುತ್ತವೆ. ಅಂದರೆ ಫೀನಾಲ್ ಬಲು ಬೇಗ ತಾನೇ ಉತ್ಕರ್ಷಣಗೊಳ್ಳುವ ವಸ್ತು. ತಾನು ಮೊದಲು ಸುಟ್ಟುಕೊಂಡು ಪಕ್ಕದವನನ್ನು ಉಳಿಸುತ್ತದೆ. ಉತ್ಕರ್ಷಣ ನಿರೋಧಕ ಎಂಬ ಬಿರುದಿನ ಗುಟ್ಟು ಇಷ್ಟೇ.

ಆ ಬಿರುದು ಹುಟ್ಟಿದ್ದು ಮಾತ್ರ ಅಡುಗೆಮನೆಯಲ್ಲಲ್ಲ, ಯುದ್ಧದ ನೆರಳಿನಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಸೈನ್ಯ ಅಕ್ರೋಲೀನ್ ಎಂಬ ಕಣ್ಣುರಿ ಬರಿಸುವ ವಸ್ತುವನ್ನು ವಿಷಾನಿಲವಾಗಿ ಬಳಸಲು ಹೊರಟಿತು. ದಾಸ್ತಾನಿಟ್ಟರೆ ಅದು ಕೆಟ್ಟುಹೋಗುತ್ತಿತ್ತು. ಷಾರ್ಲ್ ಮೂರು ಮತ್ತು ಷಾರ್ಲ್ ದ್ಯುಫ್ರೆಸ್ ಎಂಬ ವಿಜ್ಞಾನಿಗಳು ಹೈಡ್ರೋಕ್ವಿನೋನ್ ಮೊದಲಾದ ಫೀನಾಲ್‌ಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೂ ಅದು ಕೆಡದೆ ಉಳಿಯುವುದನ್ನು ಕಂಡರು. 1922ರಲ್ಲಿ ಅವರು ಇಂಥ ವಸ್ತುಗಳ ಬಗ್ಗೆ ಪ್ರಕಟಿಸಿದ ಸಂಶೋಧನೆಯೇ ಈ ಶಾಸ್ತ್ರದ ತಳಹದಿ. ರಬ್ಬರು ಬಿರುಕು ಬಿಡದಿರಲು, ಪೆಟ್ರೋಲು ಕೆಡದಿರಲು, ಎಣ್ಣೆ ಕಮಟು ಹಿಡಿಯದಿರಲು ಈ ವಿದ್ಯೆ ಬಳಕೆಗೆ ಬಂತು. ಆಗಿನ್ನೂ ಅದು ಡಬ್ಬಿ, ಪೀಪಾಯಿಗಳ ವಿಷಯವಾಗಿತ್ತೇ ಹೊರತು ಮನುಷ್ಯದೇಹದ ವಿಷಯವಾಗಿರಲಿಲ್ಲ.

ಇತ್ತ ಕ್ಯಾಟೆಚಿನ್ನಿನ ಅಧ್ಯಯನವೂ ಮುಂದುವರಿದಿತ್ತು. 1920ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫ್ರಾಯ್ಡೆನ್‌ಬರ್ಗ್ ಅದರ ಅಣುರಚನೆಯನ್ನು ಬಿಡಿಸಿದ. 1929ರಲ್ಲಿ ಜಪಾನಿನ ಮಿಚಿಯೊ ತ್ಸುಜಿಮುರ ಎಂಬಾಕೆ ಹಸುರು ಚಹಾದಿಂದ ಕ್ಯಾಟೆಚಿನ್ನನ್ನು ಬೇರ್ಪಡಿಸಿದರು. 1932ರಲ್ಲಿ ಡಾಕ್ಟರೇಟ್ ಪಡೆದ ಅವರು ಜಪಾನಿನಲ್ಲಿ ಕೃಷಿವಿಜ್ಞಾನದ ಡಾಕ್ಟರೇಟ್ ಪಡೆದ ಮೊದಲ ಮಹಿಳೆ. ಮೂರು ಶತಮಾನಗಳ ಹಿಂದೆ ತಪ್ಪು ತಿಳಿವಳಿಕೆಯಿಂದ ‘ಜಪಾನಿನ ಮಣ್ಣು’ ಎನಿಸಿಕೊಂಡಿದ್ದ ವಸ್ತು ಕೊನೆಗೆ ನಿಜವಾಗಿಯೂ ಜಪಾನಿನ ಚಹಾದಲ್ಲಿ ಸಿಕ್ಕಿದ್ದು ಚರಿತ್ರೆಯ ವಿನೋದಗಳಲ್ಲಿ ಒಂದು.

1956ರಲ್ಲಿ ಅಮೆರಿಕದ ಡೆನ್ಹಾಮ್ ಹಾರ್ಮನ್ ಹೊಸ ವಾದವೊಂದನ್ನು ಮುಂದಿಟ್ಟರು. ಉಸಿರಾಟದ ಆಮ್ಲಜನಕದಿಂದಲೇ ದೇಹದಲ್ಲಿ ಹುಟ್ಟುವ ‘ಮುಕ್ತ ರ್‍ಯಾಡಿಕಲ್’ ಎಂಬ ತುಂಟ ಕಣಗಳು ಜೀವಕೋಶಗಳನ್ನು ಹಾಳುಮಾಡುವುದೇ ಮುಪ್ಪಿಗೆ ಕಾರಣ ಎಂಬುದು ಆ ವಾದ. ಅಲ್ಲಿಂದ ಒಂದು ಸರಳ ತರ್ಕ ಬೆಳೆಯಿತು: ಎಣ್ಣೆ ಕೆಡದಂತೆ ಫೀನಾಲ್ ಕಾಪಾಡಿದರೆ ದೇಹವನ್ನೂ ಕಾಪಾಡಬೇಕಲ್ಲವೇ? ಕೇಳಲು ಚೆನ್ನಾಗಿದೆ. ಆದರೆ ದೇಹ ಎಣ್ಣೆಯ ಡಬ್ಬಿಯಲ್ಲ.

ಈ ಪಾಠವನ್ನು ವೈದ್ಯಲೋಕ ಕಷ್ಟಪಟ್ಟು ಕಲಿಯಬೇಕಾಯಿತು. ಶುದ್ಧ ಕ್ಯಾಟೆಚಿನ್ನನ್ನೇ ‘ಸಯನಿಡನಾಲ್’ ಎಂಬ ಹೆಸರಿನಿಂದ ಯುರೋಪಿನಲ್ಲಿ ಯಕೃತ್ತಿನ ರೋಗಗಳಿಗೆ ಔಷಧವಾಗಿ ಕೊಡುತ್ತಿದ್ದರು. ಕೆಲವು ರೋಗಿಗಳಲ್ಲಿ ಅದು ರಕ್ತದ ಕೆಂಪು ಕಣಗಳು ಒಡೆದು ನಾಶವಾಗುವಂತೆ ಮಾಡಿತು, ಸಾವುಗಳೂ ಸಂಭವಿಸಿದವು. 1985ರಲ್ಲಿ ಹಲವು ದೇಶಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. 1994ರಲ್ಲಿ ಫಿನ್ಲೆಂಡಿನಿಂದ ಇನ್ನೊಂದು ಸುದ್ದಿ ಬಂತು. 29,133 ಮಂದಿ ಧೂಮಪಾನಿ ಗಂಡಸರನ್ನು ವರ್ಷಗಟ್ಟಲೆ ಗಮನಿಸಿದಾಗ, ಬೀಟಾ ಕ್ಯಾರೊಟೀನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಾಗಿತ್ತು. ಬೀಟಾ ಕ್ಯಾರೊಟೀನ್ ಫೀನಾಲ್ ಅಲ್ಲ, ನಿಜ. ಆದರೆ ಅದನ್ನು ನುಂಗಿಸಿದ್ದು ಇದೇ ತರ್ಕದ ಭರವಸೆಯಿಂದ. ಆಹಾರ ಪದಾರ್ಥಗಳ ಉತ್ಕರ್ಷಣ ನಿರೋಧಕ ಶಕ್ತಿಗೆ ಅಂಕ ಕೊಟ್ಟು ಅಮೆರಿಕದ ಕೃಷಿ ಇಲಾಖೆ ಪ್ರಕಟಿಸಿದ್ದ ದೊಡ್ಡ ಪಟ್ಟಿಯನ್ನು ಆ ಇಲಾಖೆಯೇ 2012ರಲ್ಲಿ ಹಿಂತೆಗೆದುಕೊಂಡಿತು. ಪ್ರನಾಳದ ಅಂಕಕ್ಕೂ ದೇಹದ ಆರೋಗ್ಯಕ್ಕೂ ನೇರ ಸಂಬಂಧ ಕಾಣದಿರುವಾಗ ವ್ಯಾಪಾರಿಗಳು ಆ ಅಂಕಗಳನ್ನು ದುರುಪಯೋಗ ಮಾಡಿಕೊಳ್ಳುತ್ತಿದ್ದರು. ಹಸುರು ಚಹಾದ ಸಾರದ ಮಾತ್ರೆಗಳಿಂದ, ಅದರಲ್ಲಿನ ಮುಖ್ಯ ಕ್ಯಾಟೆಚಿನ್ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ದೇಹ ಸೇರಿದರೆ ಯಕೃತ್ತಿಗೆ ಹಾನಿಯ ಸೂಚನೆಗಳು ಕಾಣಿಸಿಕೊಳ್ಳುತ್ತವೆಂದು ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ 2018ರಲ್ಲಿ ಎಚ್ಚರಿಸಿತು.

ಹಾಗೆಂದು ಎಲ್ಲವೂ ಪೊಳ್ಳೆಂದು ತಳ್ಳಿಹಾಕುವಂತೆಯೂ ಇಲ್ಲ. ಕಗ್ಗಲಿಯ ಕಾಚಿನಲ್ಲಿ ಹೇರಳವಾಗಿರುವ ಎಪಿಕ್ಯಾಟೆಚಿನ್ ಕೋಕೋ ಬೀಜದಲ್ಲಿಯೂ ಇದೆ. ಕೋಕೋ ಸಾರವನ್ನು ಅಮೆರಿಕದಲ್ಲಿ 21,442 ಮಂದಿ ಹಿರಿಯರ ಮೇಲೆ ಪರೀಕ್ಷಿಸಿದ ಫಲಿತಾಂಶ 2022ರಲ್ಲಿ ಬಂತು. ಹೃದಯ ಮತ್ತು ರಕ್ತನಾಳಗಳ ತೊಂದರೆಗಳು ಒಟ್ಟಾರೆಯಾಗಿ ಗಣನೀಯವಾಗಿ ತಗ್ಗಲಿಲ್ಲ. ಆದರೆ ಅವುಗಳಿಂದಾದ ಸಾವುಗಳು ಕಡಿಮೆಯಿದ್ದವು. ಇದು ಇನ್ನೂ ತೀರ್ಮಾನವಾಗದ ಕಡತ. ಇಷ್ಟು ಮಾತ್ರ ತಿಳಿದಿದೆ: ನಾವು ತಿಂದ ಫೀನಾಲ್‌ಗಳಲ್ಲಿ ಬಹಳ ಕಡಿಮೆ ಅಂಶ ರಕ್ತಕ್ಕೆ ಸೇರುತ್ತದೆ, ಸೇರಿದ್ದನ್ನೂ ದೇಹ ಪರಕೀಯನೆಂದು ಬಗೆದು, ರೂಪ ಬದಲಿಸಿ, ಕೆಲವೇ ಗಂಟೆಗಳಲ್ಲಿ ಮೂತ್ರದ ಮೂಲಕ ಹೊರಹಾಕುತ್ತದೆ. ಆದ್ದರಿಂದ ಲಾಭವೇನಾದರೂ ಇದ್ದರೆ ಅದು ಆಮ್ಲಜನಕದೊಡನೆ ಹೋರಾಡುವುದರಿಂದ ಬರುವುದಲ್ಲ, ಬೇರೆ ದಾರಿಯಲ್ಲಿ ಬರುವಂಥದು ಎಂಬುದು ಈಗಿನ ಬಹುಪಾಲು ವಿಜ್ಞಾನಿಗಳ ಅಭಿಪ್ರಾಯ.

ಈಗ ಮೊದಲಿನ ಒಗಟಿಗೆ ಬರೋಣ. ತಾಂಬೂಲದಲ್ಲಿ ಕಾಚು ಒಂಟಿಯಾಗಿರುವುದಿಲ್ಲ. ಅದರ ಜೊತೆಗೆ ಸುಣ್ಣವಿದೆ. ಸುಣ್ಣ ಕ್ಷಾರ. ಕ್ಷಾರದ ಸಹವಾಸದಲ್ಲಿ ಫೀನಾಲ್ ತನ್ನ ಜಲಜನಕವನ್ನು ಬಿಟ್ಟುಕೊಟ್ಟು, ಗಾಳಿಯ ಆಮ್ಲಜನಕಕ್ಕೆ ಎಲೆಕ್ಟ್ರಾನುಗಳನ್ನು ಎರಡೂ ಕೈಯಿಂದ ಕೊಡತೊಡಗುತ್ತದೆ. ಹಾಗೆ ಪಡೆದ ಆಮ್ಲಜನಕ ಸೂಪರಾಕ್ಸೈಡ್ ಆಗುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಯಾವ ತುಂಟ ಕಣಗಳನ್ನು ಅಡಗಿಸುತ್ತದೆಂದು ಡಬ್ಬಿಯ ಮೇಲೆ ಬರೆದಿರುತ್ತಾರೋ ಅವನ್ನೇ ಅದು ಹುಟ್ಟಿಸುತ್ತದೆ! ಇದು ಬರಿಯ ಊಹೆಯಲ್ಲ. 1987ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಅಡಿಕೆಯ ರಸ, ಕಾಚಿನ ರಸ ಎರಡೂ ಪಿಎಚ್ 9.5ನ್ನು ಮೀರಿದ ಕ್ಷಾರದಲ್ಲಿ ಇವೆರಡನ್ನೂ ಉತ್ಪಾದಿಸಿದವು. ವೀಳ್ಯ ಮೆದ್ದಾಗ ತುಟಿ ಕೆಂಪಾಗುತ್ತದೆಯಲ್ಲ, ಆ ಕೆಂಪು ಈ ಉತ್ಕರ್ಷಣದ ಬಣ್ಣವೇ. ಬದನೆ ಹೋಳು ಕಂದಾಗುವ ಕ್ರಿಯೆಯೇ ಸುಣ್ಣದ ಬಲದಿಂದ ನಮ್ಮ ಬಾಯೊಳಗೆ ವೇಗವಾಗಿ ನಡೆಯುತ್ತದೆ.

ಬಾಯಿಯ ಕ್ಯಾನ್ಸರಿಗೆ ಇದೊಂದೇ ಕಾರಣವೆಂದು ನಾವು ಹೇಳುತ್ತಿಲ್ಲ. ಹೊಗೆಸೊಪ್ಪು ಮೊದಲ ಅಪರಾಧಿ. ಅಡಿಕೆಯೊಳಗಿನ ಅರೆಕೊಲಿನ್ ಎಂಬ ವಸ್ತುವೂ ನಿರ್ದೋಷಿಯಲ್ಲ. ಅಡಿಕೆಯನ್ನೂ, ಹೊಗೆಸೊಪ್ಪಿಲ್ಲದ ವೀಳ್ಯವನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿಸಿದ್ದು 2004ರಲ್ಲಿ ಪ್ರಕಟವಾದ ತನ್ನ ಸಂಪುಟದಲ್ಲಿ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ನಮ್ಮ ಕರ್ನಾಟಕವೇ. ಎಷ್ಟೋ ಮಂದಿ ಓದುಗರ ವಿದ್ಯಾಭ್ಯಾಸಕ್ಕೆ ಹಣ ಒದಗಿದ್ದು ಅಡಿಕೆ ತೋಟದಿಂದ. ಆ ಋಣವನ್ನು ನಾವು ಮರೆಯಬೇಕಿಲ್ಲ. ಆದರೆ ಋಣ ಇದೆಯೆಂದು ಕಣ್ಣು ಮುಚ್ಚಿಕೊಳ್ಳಬೇಕಾಗಿಯೂ ಇಲ್ಲ.

ಕಾಚಿನ ಈ ದೀರ್ಘ ಚರಿತ್ರೆ ಹೇಳುವುದು ಇಷ್ಟು. ಹಿತವೂ ಅಹಿತವೂ ವಸ್ತುವಿನಲ್ಲಿ ಹುಟ್ಟುಗುಣವಾಗಿ ಬಂದವಲ್ಲ. ಅದರ ಪ್ರಮಾಣ, ಅದರ ಜೊತೆಗಾರರು, ಅದು ಸೇರಿದ ಜಾಗ ಇವೇ ಅದನ್ನು ನಿರ್ಧರಿಸುತ್ತವೆ. ಮಡಕೆಯಲ್ಲಿ ಬಣ್ಣವಾದದ್ದು, ಬಲೆಯಲ್ಲಿ ಕಾವಲಾದದ್ದು, ಚಹಾದ ಲೋಟದಲ್ಲಿ ರುಚಿಯಾದದ್ದು, ಸೂಜಿಮದ್ದಿನಂತೆ ಶುದ್ಧವಾಗಿ ನುಂಗಿದಾಗ ಕೆಲವರ ರಕ್ತಕ್ಕೆ ಮುಳುವಾಯಿತು. ಸುಣ್ಣದೊಡನೆ ದವಡೆಯಲ್ಲಿ ಗಂಟೆಗಟ್ಟಲೆ ಕುಳಿತಾಗ ಶತ್ರುವಾಯಿತು. ನಮ್ಮ ಹಿರಿಯರು ಒಗರನ್ನು ಆರು ರಸಗಳಲ್ಲಿ ಒಂದೆಂದು ಎಣಿಸಿದರು. ಊಟದಲ್ಲಿ ಅದಕ್ಕೆ ಒಂದು ಪಾಲು ಕೊಟ್ಟರೇ ಹೊರತು ಪಟ್ಟ ಕಟ್ಟಲಿಲ್ಲ. ನೆಲ್ಲಿಕಾಯಿ ಚಟ್ನಿ, ಬಾಳೆದಿಂಡಿನ ಪಲ್ಯ, ಒಂದು ಲೋಟ ಚಹಾ ಇವುಗಳಿಂದ ದೊರೆಯುವ ಫೀನಾಲ್ ನಮಗೆ ಸಾಕು. ಅದಕ್ಕಾಗಿ ಸಂಬಳದಲ್ಲಿ ನೂರಾರು ರೂಪಾಯಿ ತೆಗೆದಿಟ್ಟು ಕ್ಯಾಪ್ಸೂಲ್ ಕೊಳ್ಳುವ ಅಗತ್ಯವಿಲ್ಲ.

ಇನ್ನು ತಾಂಬೂಲದ ಮಾತು. ಪರವೂರಿನಲ್ಲಿ ಮಗಳ ಮದುವೆ ಮಾಡಿದರೂ, ಸಂಘದ ಸಭಾಂಗಣದಲ್ಲಿ ಗಣೇಶೋತ್ಸವ ನಡೆಸಿದರೂ, ಬಂದವರ ಕೈಗೆ ಎಲೆ, ಅಡಿಕೆ, ತೆಂಗಿನಕಾಯಿ ಕೊಟ್ಟು ಕಳಿಸದಿದ್ದರೆ ನಮಗೆ ಸಮಾಧಾನವಿಲ್ಲ. ಅದು ಮರ್ಯಾದೆಯ ಗುರುತು, ಧಾರಾಳವಾಗಿ ನಡೆಯಲಿ. ಆದರೆ ಕೊಡುವುದು, ಕಣ್ಣಿಗೆ ಒತ್ತಿಕೊಂಡು ಪಡೆಯುವುದು ಬೇರೆ. ಮೂರು ಹೊತ್ತೂ ಮೆಲ್ಲುವುದು ಬೇರೆ. ಮನೆಯಲ್ಲಿ ಎಲೆ ಅಡಿಕೆ ಮೆಲ್ಲುವ ಹಿರಿಯರಿದ್ದರೆ, ಬಾಯಲ್ಲಿ ವಾಸಿಯಾಗದ ಹುಣ್ಣೋ ಬಿಳಿಯ ಮಚ್ಚೆಯೋ ಇದೆಯೇ, ಬಾಯಿ ಮೊದಲಿನಷ್ಟು ಅಗಲವಾಗಿ ತೆರೆಯುತ್ತದೆಯೇ ಎಂದು ಆಗಾಗ ನೋಡಿ, ಸಂಶಯ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಕಾಚು ಎಂಬ ನಮ್ಮ ಮಾತು ಜಗತ್ತನ್ನು ಸುತ್ತಿ ಬಂದಿದೆ ಎಂಬ ಹೆಮ್ಮೆಯನ್ನು ಮಕ್ಕಳಿಗೆ ಹೇಳುವಾಗ ಈ ಎರಡು ಮಾತನ್ನೂ ಸೇರಿಸಿ ಹೇಳೋಣ.